‘ಮುಂದಿನ ಶುಕ್ರವಾರ’ ಅಂದರೆ ಯಾವ ಶುಕ್ರವಾರ?

ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಎರಡನೇ ಸಲದ ಮದ್ದು ಬಿಡಲು ಬಾಕಿ ಇತ್ತು. ಸೋಮವಾರ ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಮದ್ದು ಬಿಡುವ ಹುಡುಗ ಸಿಕ್ಕಿದಾಗ “ಮುಂದಿನ ಶುಕ್ರವಾರ ಬಾ ಮಾರಾಯ” ಅಂದೆ. “ಆಯ್ತು ಅಣ್ಣ” ಅಂದ. ಗುರುವಾರ ರಾತ್ರಿಯೇ ಒಂದು ಡ್ರಮ್ಮಿನಲ್ಲಿ ಮೈಲುತುತ್ತು, ಇನ್ನೊಂದರಲ್ಲಿ ಸುಣ್ಣ ನೆನೆಹಾಕಿದೆ. ನೂರು ಲೀಟರಿಗೆ ಒಂದೊಂದು ಕಿಲೋ ಲೆಕ್ಕ. ಬೆಳಿಗ್ಗೆ ಬೇಗ ಎದ್ದು ಎರಡನ್ನೂ ಸೇರಿಸಿ, ಹದ ನೋಡಲು ತಿಕ್ಕಿ ತೊಳೆದ ಚೂರಿಯನ್ನು ಅದ್ದಿ ತೆಗೆದೆ. ಚೂರಿಗೆ ತಾಮ್ರದ ಬಣ್ಣ ಹತ್ತಲಿಲ್ಲ, ಸುಣ್ಣ ಸಾಕಾಗಿದೆ ಎಂದು ಸಮಾಧಾನವಾಯಿತು. ಹತ್ತು ಗಂಟೆಯಾದರೂ ಹುಡುಗನ ಸುಳಿವಿಲ್ಲ. ಫೋನ್ ಮಾಡಿದರೆ, “ಇವತ್ತಾ ಅಣ್ಣ? ನೀವು ಮುಂದಿನ ಶುಕ್ರವಾರ ಅಂತ ಹೇಳಿದ್ದಲ್ಲವಾ? ಇದು ಈ ಶುಕ್ರವಾರ. ನಾನು ಬೇರೆ ಕಡೆ ಒಪ್ಪಿಕೊಂಡಾಯ್ತು.”

ಹೀಗೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮರುದಿನಕ್ಕೆ ಇಡುವಂಥದ್ದಲ್ಲ. ಮಾಡಿದ ದಿನವೇ ಬಿಡಬೇಕು. ಅಷ್ಟನ್ನೂ ಚೆಲ್ಲಿದೆ. ಅವನು ಹೇಳಿದ ಮಾತಿಗೆ ಸರಿಯಾಗಿ ಎಂಟು ದಿನ ಕಳೆದು ಬಂದ. ಅಷ್ಟರಲ್ಲಿ ಮಳೆ ಮತ್ತೆ ಹಿಡಿದು, ಕೆಳಗಿನ ತೋಟದಲ್ಲಿ ಕೊಳೆ ಶುರುವಾಗಿತ್ತು.

ಅವನದ್ದು ತಪ್ಪೆಂದು ನನಗೆ ಅವತ್ತೂ ಅನ್ನಿಸಲಿಲ್ಲ. ನನ್ನ ತಪ್ಪೆಂದೂ ಅಲ್ಲ. ಇಬ್ಬರೂ ಕನ್ನಡದಲ್ಲೇ ಮಾತಾಡಿದ್ದು, ಇಬ್ಬರಿಗೂ ಅರ್ಥವಾಗಿದ್ದು ಬೇರೆ ಬೇರೆ ದಿನ. ಅಂದಿನಿಂದ ಸಿಕ್ಕಿದವರಲ್ಲೆಲ್ಲ ಈ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ: ಸೋಮವಾರ ನಿಂತು ‘ಮುಂದಿನ ಶುಕ್ರವಾರ’ ಎಂದರೆ ನಾಲ್ಕು ದಿನದಾಚೆಯದ್ದೋ, ಹನ್ನೊಂದು ದಿನದಾಚೆಯದ್ದೋ? ಪೆರ್ಲದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಉತ್ತರ ಕೊಟ್ಟರು.

ಎರಡೂ ಕಡೆಗೆ ನ್ಯಾಯ ಇದೆ. ಒಬ್ಬ ದಿನದಿಂದ ಲೆಕ್ಕ ಹಾಕುತ್ತಾನೆ: ನಿಂತಲ್ಲಿಂದ ಮುಂದೆ ಮೊದಲು ಸಿಗುವ ಶುಕ್ರವಾರ ಯಾವುದೋ ಅದು ‘ಮುಂದಿನ’. ಇನ್ನೊಬ್ಬ ವಾರದಿಂದ ಲೆಕ್ಕ ಹಾಕುತ್ತಾನೆ: ಈ ವಾರದ್ದು ‘ಈ ಶುಕ್ರವಾರ’, ಮುಂದಿನ ವಾರದ್ದು ‘ಮುಂದಿನ ಶುಕ್ರವಾರ’. ಶನಿವಾರ ನಿಂತು ಕೇಳಿದರೆ ಇಬ್ಬರೂ ಒಂದೇ ದಿನಕ್ಕೆ ಬಂದು ನಿಲ್ಲುತ್ತಾರೆ. ಆದಿತ್ಯವಾರ ಕೇಳಿದರೆ ಮತ್ತೆ ತಕರಾರು. ಗೋಡೆಯ ಕ್ಯಾಲೆಂಡರಿನಲ್ಲಿ, ಪಂಚಾಂಗದಲ್ಲಿ ವಾರ ಶುರುವಾಗುವುದು ಆದಿತ್ಯವಾರದಿಂದ. ಶಾಲೆ, ಆಫೀಸಿನವರ ಮನಸ್ಸಿನಲ್ಲಿ ಸೋಮವಾರದಿಂದ. ದಿನಾಂಕ ಬರೆಯುವ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 8601 ಕೂಡ ಸೋಮವಾರವನ್ನೇ ಮೊದಲ ದಿನ ಎನ್ನುತ್ತದೆ.

ಇದಕ್ಕೆ ‘ವಾರ’ ಎಂಬ ಪದವೂ ಕಾರಣ. ಏಳು ದಿನಕ್ಕೂ ವಾರ, ಅದರಲ್ಲಿ ಒಂದು ದಿನಕ್ಕೂ ವಾರ. “ಇವತ್ತು ಏನು ವಾರ?” ಎಂದರೆ ದಿನ ಕೇಳಿದ ಹಾಗೆ, “ಒಂದು ವಾರ ಬಿಟ್ಟು ಬಾ” ಎಂದರೆ ಏಳು ದಿನ. ನೆರೆಯ ಮಲಯಾಳದ ‘ಆಳ್ಚ’ಕ್ಕೂ ಇದೇ ಕತೆ: ವೆಳ್ಳಿಯಾಳ್ಚ ಎಂದರೆ ಶುಕ್ರವಾರ, ಒಂದು ಆಳ್ಚ ಎಂದರೆ ಏಳು ದಿನ.

ಆದರೆ ತೊಂದರೆಯ ಬೇರು ‘ಮುಂದು’ ಎಂಬಲ್ಲಿದೆ ಎಂದು ನನ್ನ ಅಭಿಪ್ರಾಯ. ಈ ಪದಕ್ಕೆ ದಿಕ್ಕು ಗೊತ್ತು, ದೂರ ಗೊತ್ತಿಲ್ಲ. ಹಾಗೆ ನೋಡಿದರೆ ದಿಕ್ಕೂ ಒಂದೇ ಅಲ್ಲ. ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲೆ ಬರುವುದು. ಮುನ್ನಾದಿನ ಎಂದರೆ ಹಿಂದಿನ ದಿನ, ಮುಂದಿನ ದಿನ ಎಂದರೆ ಮರುದಿನ. ಸಾಲಿನಲ್ಲಿ ಮುಂದೆ ಇರುವವನು ಮೊದಲು ಬಂದವನು. ನಡೆಯುವವನಿಗೆ ಮುಂದೆ ಇರುವುದು ಇನ್ನೂ ತಲುಪದ ಜಾಗ. ಎರಡನ್ನೂ ಒಂದೇ ಪದ ಹೊತ್ತಿದೆ. ತುಳುವಿನ ‘ದುಂಬು’ ಕೂಡ ಹಾಗೆಯೇ: ‘ದುಂಬುದ ಕಾಲ’ ಎಂದರೆ ಹಿಂದಿನ ಕಾಲ, ‘ದುಂಬುಗು’ ಎಂದರೆ ಇನ್ನು ಮುಂದಕ್ಕೆ. ಮಲಯಾಳಂ ಮನೆಮಾತಿನವರ ಕಿವಿಯಲ್ಲಂತೂ ‘ಮುನ್ನೆ’, ‘ಮುನ್ಪ್’ ಎಲ್ಲ ಕಳೆದುಹೋದ ಕಾಲಕ್ಕೆ ಸೇರಿದ್ದು. ಕನ್ನಡ ಹೊಸದಾಗಿ ಕಲಿತವರು ‘ಮುಂದಿನ ವಾರ’ ಎಂದಾಗ ಒಂದು ಗಳಿಗೆ ತಡೆದು ನಿಲ್ಲುವುದನ್ನು ನಾನು ನೋಡಿದ್ದೇನೆ.

ಮಲಯಾಳದಲ್ಲಿ ‘ಮುಂದಿನ’ ಎಂಬಲ್ಲಿ ‘ಅಡುತ್ತ’ ಎನ್ನುತ್ತಾರೆ. ಅಡುಕ್ಕುಗ ಎಂದರೆ ಹತ್ತಿರವಾಗುವುದು. ಹತ್ತಿರದ್ದು ಎಂಬ ಅರ್ಥ ಪದದೊಳಗೇ ಇದೆ, ಆದರೂ ವಾರದ ಲೆಕ್ಕದವರು ಅದನ್ನೂ ಒಂದು ವಾರ ಆಚೆಗೆ ಹಾಕುವುದುಂಟು. ಇಂಗ್ಲಿಷಿನ ‘ನೆಕ್ಸ್ಟ್ ಫ್ರೈಡೇ’ಗೂ ಇದೇ ಜಗಳ ಇದೆ. ಬ್ರಿಟನ್ನಿನವರಲ್ಲಿ ‘ಫ್ರೈಡೇ ವೀಕ್’ ಎಂದು ಹೇಳುವ ಕ್ರಮ ಇದೆ. ಅದು ಬರುವ ಶುಕ್ರವಾರದ ಮೇಲೆ ಒಂದು ವಾರ.

‘ಅಡುತ್ತ’ ಎಂದಾಗ ನೆನಪಾಯಿತು. ಊರಿನ ಒಬ್ಬರು ಅತ್ತೆ ಪಿಂಚಣಿಯ ಕಾಗದ ಹಿಡಿದುಕೊಂಡು ಒಂದು ಕಚೇರಿಗೆ ಹೋಗಿದ್ದರು. ಮನೆಯಲ್ಲಿ ಹವ್ಯಕರ ಹವಿಗನ್ನಡ, ಹೊರಗೆ ತುಳು, ಮಲಯಾಳ ಅಷ್ಟಕ್ಕಷ್ಟೇ. ಅಲ್ಲಿಯವರು “ಅಡುತ್ತ ತಿಂಗಳ್ ವನ್ನಾ ಮದಿ” ಅಂದರು. ಬರುವ ಸೋಮವಾರ ಬಂದರೆ ಸಾಕು ಎಂದು ಅದರ ಅರ್ಥ, ಮಲಯಾಳದ ತಿಂಗಳಾಳ್ಚ ಎಂದರೆ ಸೋಮವಾರ. ಅತ್ತೆಗೆ ಕೇಳಿದ್ದು ‘ಮುಂದಿನ ತಿಂಗಳು’. ಅವರು ಒಂದು ತಿಂಗಳು ಕಾದು, ಮಳೆಯಲ್ಲಿ ಎರಡು ಬಸ್ಸು ಬದಲಾಯಿಸಿ ಹೋದಾಗ ಗಡುವು ಮುಗಿದಿತ್ತು. ವಾಪಸು ಬಂದು ಚಾವಡಿಯಲ್ಲಿ ಕೂತು, ಒದ್ದೆ ಸೆರಗಿನಲ್ಲೇ ಆ ಕಾಗದವನ್ನು ಒರೆಸುತ್ತಾ, “ಅವು ತಿಂಗಳು ಹೇಳಿಯೇ ಹೇಳಿದ್ದು, ಆನು ಕೇಳಿದ್ದೆ” (ಅವರು ತಿಂಗಳು ಎಂದೇ ಹೇಳಿದ್ದು, ನಾನು ಕೇಳಿದ್ದೇನೆ) ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಕೇಳಿಸಿಕೊಂಡದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಿಂಗಳ್ ಎಂದರೆ ಚಂದ್ರ, ಎರಡೂ ಭಾಷೆಗೆ ಸೇರಿದ ಹಳೆಯ ಪದ. ಕನ್ನಡ ಅದರಿಂದ ಮಾಸವನ್ನು ಅಳೆಯಿತು, ಮಲಯಾಳ ಚಂದ್ರನ ವಾರವನ್ನು ಕರೆಯಿತು. ಅವರ ತಿಂಗಳಿಗೆ ಅವರು ‘ಮಾಸ’ ಎನ್ನುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗಡಿ ಹಾಕಿದ ಮೇಲೆ ಇಲ್ಲಿಯ ಕಚೇರಿಗಳಲ್ಲಿ ಇಂಥ ಪದಗಳು ಎಷ್ಟು ಜನರನ್ನು ಸುಮ್ಮನೆ ಅಲೆಸಿದ್ದಾವೋ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರಾತ್ರಿಯ ವಿಷಯವೂ ಇದೆ. ಇಲ್ಲಿಯ ಮುಸ್ಲಿಮರ ಬಾಯಲ್ಲಿ ‘ವೆಳ್ಳಿಯಾಳ್ಚ ರಾವ್’ ಎಂದರೆ ಗುರುವಾರ ಸಂಜೆಯ ಮೇಲಿನ ರಾತ್ರಿ, ಅವರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಲ್ಲಿಂದ. ಪಂಚಾಂಗದವರಿಗೆ ಸೂರ್ಯೋದಯದಿಂದ. ರೈಲಿನ ಟಿಕೆಟಿಗೆ ನಡುರಾತ್ರಿಯಿಂದ. ಒಂದೇ ರಾತ್ರಿಗೆ ಈ ಊರಲ್ಲಿ ಮೂರು ಲೆಕ್ಕ. ಇದು ಬೇರೆಯೇ ಚರ್ಚೆ, ಇಲ್ಲಿಗೆ ಬಿಡುತ್ತೇನೆ.

ಈಗ ನಮ್ಮಲ್ಲೇ ಇರುವ ಒಳ್ಳೆಯ ಪದಗಳ ಬಗ್ಗೆ. ನನ್ನ ಅಜ್ಜಿಯ ಬಾಯಲ್ಲಿ ‘ಮುಂದಿನ ಶುಕ್ರವಾರ’ ಕೇಳಿದ ನೆನಪೇ ಇಲ್ಲ. ಅವಳು ‘ಬಪ್ಪ ಶುಕ್ರವಾರ’ ಎನ್ನುತ್ತಿದ್ದಳು. ಬಪ್ಪ ಎಂದರೆ ಬರುವ. ಅದರ ನಂತರದ್ದಕ್ಕೆ ‘ಆಚ ಶುಕ್ರವಾರ’. ಅಷ್ಟೇ, ಗೊಂದಲವೇ ಇಲ್ಲ. ಬರುವುದು ಎಂದರೆ ನಮ್ಮ ಕಡೆಗೆ ಕಾಲು ಹಾಕಿ ಹೊರಟದ್ದು, ಮೊದಲು ತಲುಪುವುದೂ ಅದೇ. ಆಚೆ ಎಂದರೆ ಒಂದನ್ನು ದಾಟಿದ ಮೇಲಿನದ್ದು. ಎಷ್ಟು ದಾಟಬೇಕು ಎಂಬ ಲೆಕ್ಕ ಪದದೊಳಗೇ ಇದೆ. ಆಚೆಮನೆ ಎಂದರೆ ಯಾವ ಮನೆ ಎಂದು ಯಾರೂ ಕೇಳುವುದಿಲ್ಲ. ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂದು ಎಣಿಸುವಾಗಲೂ ಇದೇ ‘ಆಚೆ’ ಕೆಲಸ ಮಾಡುತ್ತದೆ.

‘ನಾಡಿದ್ದು’ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮಲ್ಲಿ “ನಾಡಿದ್ದು ಆದಿತ್ಯವಾರ ಪೂಜೆ” ಎಂದು ಮಂಗಳವಾರವೂ ಹೇಳುತ್ತಾರೆ. ಘಟ್ಟದ ಮೇಲಿನಿಂದ ಬಂದ ನೆಂಟರು ಬೆರಳು ಮಡಚಿ, ಮಂಗಳವಾರದ ನಾಡಿದ್ದು ಗುರುವಾರ ಅಲ್ಲವೇ ಎಂದು ಕಂಗಾಲಾಗುತ್ತಾರೆ. ಇದು ತಪ್ಪು ಬಳಕೆ ಎಂದು ನಾನು ಒಪ್ಪುವುದಿಲ್ಲ. ‘ಮೊನ್ನೆ’ಯನ್ನು ಕನ್ನಡಿಗರೆಲ್ಲ ಹೀಗೇ ಎಳೆಯುತ್ತಾರೆ: ‘ಮೊನ್ನೆ ಮೊನ್ನೆ ಮದುವೆಯಾಯಿತು’ ಎಂದರೆ ನಿನ್ನೆಯ ಹಿಂದಿನ ದಿನ ಎಂದು ಯಾರೂ ತಿಳಿಯುವುದಿಲ್ಲ. ಮೊನ್ನೆ ಹಿಂದಕ್ಕೆ ಹಿಗ್ಗಿದ ಹಾಗೆ ನಾಡಿದ್ದು ಇಲ್ಲಿ ಮುಂದಕ್ಕೆ ಹಿಗ್ಗಿದೆ. ವಾರದ ಹೆಸರು ಜೊತೆಗಿದ್ದರೆ ‘ನಾಡಿದ್ದು’ ಎಂದರೆ ‘ಇನ್ನೇನು ಬರುವ’ ಎಂದು ಮಾತ್ರ. ವಾರ ಹೇಳದೆ ಬರಿದೇ ನಾಡಿದ್ದು ಎಂದರೆ ಮಾತ್ರ ಎರಡನೇ ದಿನ.

‘ಎಂಟು ದಿನ’ ಎಂಬ ಲೆಕ್ಕವೂ ಬಹಳ ಹಳೆಯದ್ದು, ಬಹಳ ಭದ್ರವಾದದ್ದು. ಇವತ್ತನ್ನೂ ಸೇರಿಸಿ ಎಣಿಸುವುದರಿಂದ ಶುಕ್ರವಾರದಿಂದ ಶುಕ್ರವಾರಕ್ಕೆ ಎಂಟು, ಎರಡು ವಾರಕ್ಕೆ ಹದಿನೈದು. ಫ್ರೆಂಚರೂ ವಾರಕ್ಕೆ ‘ಎಂಟು ದಿನ’, ಎರಡು ವಾರಕ್ಕೆ ‘ಹದಿನೈದು ದಿನ’ ಎಂದೇ ಹೇಳುತ್ತಾರೆ. ಹಾಗಾಗಿ ಈ ಎಣಿಕೆ ಹಳ್ಳಿಯವರ ತಪ್ಪು ಗಣಿತ ಎಂದು ತಿದ್ದಲು ಹೋಗುವ ಮೇಷ್ಟ್ರುಗಳು ಸ್ವಲ್ಪ ತಾಳಬೇಕು. ತೊಂದರೆ ಬರುವುದು ‘ಬಿಟ್ಟು’ ಎಂದು ಸೇರಿಸಿದಾಗ. ಡಾಕ್ಟರು ಸೋಮವಾರ “ಎರಡು ದಿನ ಬಿಟ್ಟು ಬನ್ನಿ” ಎಂದರೆ ಬುಧವಾರವೋ ಗುರುವಾರವೋ? ನಡುವೆ ಎರಡು ದಿನ ಬಿಡಬೇಕೆಂದು ನಾನು ಗುರುವಾರ ಹೋಗುವವನು. ನನ್ನ ಮನೆಯವಳು ಬುಧವಾರ ಹೊರಡುತ್ತಾಳೆ.

ಮದುವೆ ಕಾಗದದಲ್ಲಿ ಈ ಕಷ್ಟ ಎಂದೂ ಇಲ್ಲ, ಅಲ್ಲಿ ತಾರೀಕು, ವಾರ, ತಿಥಿ ಮೂರೂ ಇರುತ್ತದೆ. ಬ್ಯಾಂಕಿನವರಿಗೆ ‘ಎರಡನೇ ಶನಿವಾರ’, ‘ನಾಲ್ಕನೇ ಶನಿವಾರ’ ಸಾಕು. ಬಾಯಿಮಾತಿಗೆ, ಸಂಘದ ನೋಟೀಸಿಗೆ, ವಾಟ್ಸಾಪಿನ ಒಂದು ಸಾಲಿಗೆ ಬೇಕಾದದ್ದು ಒಳ್ಳೆಯ ಪದ. ಅಲ್ಲಿ ‘ಮುಂದಿನ ಶುಕ್ರವಾರ’ ಬೇಡ; ಹತ್ತಿರದ್ದಕ್ಕೆ ‘ಬರುವ’, ಅದರ ಮೇಲಿನದ್ದಕ್ಕೆ ‘ಆಚೆ’ ಎಂದೇ ಬರೆಯೋಣ ಎಂದು ನನ್ನ ವಾದ. ‘ಆಚೆ’ ಎಂದರೆ ಬರವಣಿಗೆಗೆ ತಗ್ಗಿದ ಪದ ಎಂದು ಕೆಲವರು ಹಿಂಜರಿಯುತ್ತಾರೆ. ನನಗಂತೂ ಹಾಗನ್ನಿಸುವುದಿಲ್ಲ. ‘ಮುಂದಿನ ವಾರದ ಶುಕ್ರವಾರ’ ಎಂದು ಮೂರು ಪದ ಎಳೆದು ಬರೆದೂ ಆದಿತ್ಯವಾರ ಜಗಳ ಆಗುವುದಕ್ಕಿಂತ ಇದು ಮೇಲು.

ಇನ್ನು ನನಗೆ ತಿಳಿಯಬೇಕಾದದ್ದು. ಮಹಾರಾಷ್ಟ್ರದ ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಕನ್ನಡದವರು ಹೇಳಬೇಕು: ಮರಾಠಿಯಲ್ಲಿ ‘ಯೇತ್ಯಾ ಶುಕ್ರವಾರಿ’, ‘ಪುಢಚ್ಯಾ ಶುಕ್ರವಾರಿ’ ಎಂದು ಎರಡು ಬಗೆ ಇದೆಯಲ್ಲ, ನಿಮ್ಮ ಕನ್ನಡದಲ್ಲಿ ‘ಬರೋ’ ಮತ್ತು ‘ಮುಂದಿನ’ ಆ ಎರಡಕ್ಕೆ ಸರಿಯಾಗಿ ಹಂಚಿಕೊಂಡಿವೆಯೇ? ತಮಿಳುನಾಡಿನ ತಾಳವಾಡಿ, ಹೊಸೂರು, ಆಂಧ್ರದ ಮಡಕಶಿರಾ, ಆದವಾನಿಯ ಕನ್ನಡ ಮನೆಗಳಲ್ಲಿ ‘ಆಚೆ ಶುಕ್ರವಾರ’ ಎಂದರೆ ತಿಳಿಯುತ್ತದೆಯೇ, ಇಲ್ಲವಾದರೆ ಅದರ ಜಾಗದಲ್ಲಿ ಏನು ಹೇಳುತ್ತೀರಿ? ಮತ್ತೆ, ‘ನಾಡಿದ್ದು ಆದಿತ್ಯವಾರ’ ಎಂದು ಐದು ದಿನ ಮೊದಲೇ ಹೇಳುವ ರೂಢಿ ಕರಾವಳಿ ಬಿಟ್ಟು ಬೇರೆಲ್ಲಾದರೂ ಉಂಟೇ? ಪುಸ್ತಕದಲ್ಲಿ ಇರುವುದು ಬೇಡ. ಮನೆಯ ಹಿರಿಯರಲ್ಲಿ, ಕೆಲಸಕ್ಕೆ ಬರುವವರಲ್ಲಿ ಸೋಮವಾರ ಒಮ್ಮೆ ಕೇಳಿ, ಅವರು ಯಾವ ತಾರೀಕು ಹೇಳಿದರೆಂದು ಬರೆಯಿರಿ.