ಬಿಪಿ ಶಿಬಿರಕ್ಕ ಯಾರನ್ನ ಮೊದಲು ಕರೀಬೇಕು? ಲಕ್ವಾ (ಸ್ಟ್ರೋಕ್) ಯಾರಿಗೆ ಹೆಚ್ಚು?

ಪ್ರಶ್ನೆ (ಇಂಡಿ ತಾಲೂಕು):
ಊರಾಗ ಬಿಪಿ ತಪಾಸಣೆ ಶಿಬಿರ ಐತ್ರಿ. ಮಷೀನ್ ಎರಡ. 60 ದಾಟಿದವರನ್ನ ಕರೆದ್ರ ಸಾಕು ಅಂತಾರ ಕೆಲವರು. ವಯಸ್ಸು, ಗಂಡು-ಹೆಣ್ಣು, ಜನಾಂಗ ನೋಡಿದ್ರ ಲಕ್ವಾದ ಅಪಾಯ ಎಷ್ಟು ಬ್ಯಾರೆ ಆಗತೈತಿ? ಮುಂದ ಹೃದಯಾಘಾತ, ಲಕ್ವಾ ಬರೋ ಸಾಧ್ಯತೆ ಎಷ್ಟು ಅಂತ ಹೇಳೋ ಇಂಗ್ಲೆಂಡಿನ ಕ್ಯೂರಿಸ್ಕ್ ಲೆಕ್ಕ ನಮ್ಮವರಿಗೆ ನಡೀತೈತೇನ್ರಿ?

ಉತ್ತರ (ವಿಜಯಪುರ, ಮೆಡಿಸಿನ್ ವಿಭಾಗ):
60ಕ್ಕ ಗೆರಿ ಹಾಕಬ್ಯಾಡ್ರಿ. 55 ಆದಮ್ಯಾಲೆ ಹತ್ತು ವರ್ಷಕ್ಕೊಮ್ಮೆ ಅಪಾಯ ಹೆಚ್ಚುಕಮ್ಮಿ ದುಪ್ಪಟ್ಟಾಗತೈತಿ, ಖರೆ. ಆದ್ರ ನಮ್ಮವರಿಗೆ ಸಕ್ಕರಿ ಕಾಯಿಲೆ ಬೇಗ ಬರತೈತಿ, ತೂಕ ಕಡಿಮಿ ಇದ್ರೂ ಬರತೈತಿ. ಅದಕ್ಕ ಇಲ್ಲಿ ಬಿಎಂಐ (ಎತ್ತರಕ್ಕ ತಕ್ಕ ತೂಕದ ಲೆಕ್ಕ) 23 ದಾಟಿದ್ರ ತೂಕ ಹೆಚ್ಚು ಅಂತ ಹಿಡೀರಿ. ಸೊಂಟದ ಸುತ್ತಳತಿ ಗಂಡಸರಿಗೆ 90, ಹೆಣ್ಣಮಕ್ಕಳಿಗೆ 80 ಸೆಂ.ಮೀ. ಮಿತಿ. ಟೇಪ್ ಸಾಕು, ಖರ್ಚಿಲ್ಲ.

ಬಿಳಿಯರಲ್ಲಿ ಕುತ್ತಿಗಿ ರಕ್ತನಾಳ ಕಟ್ಟೋದು ಹೆಚ್ಚು. ಏಷ್ಯಾದವರಲ್ಲಿ ತಲಿಬುರುಡಿ ಒಳಗಿನ ನಾಳ. ಹಂಗಾಗಿ ಕುತ್ತಿಗಿ ಡಾಪ್ಲರ್ (ನಾಳದಾಗ ರಕ್ತ ಹರಿಯೋದನ್ನ ನೋಡೋ ಸ್ಕ್ಯಾನ್) ಚಲೋ ಬಂತಂದ್ರ ನಿಶ್ಚಿಂತಿ ಅಲ್ಲ. ಅಮೆರಿಕದ ಕರಿಯರಿಗೆ ಮೊದಲ ಲಕ್ವಾದ ಅಪಾಯ ಬಿಳಿಯರ ಸುಮಾರು ಎರಡುಪಟ್ಟು, ಅದರ ಹಿಂದ ಬೇಗ ಏರೋ ಬಿಪಿ, ಸಿಗದ ಚಿಕಿತ್ಸಾ ಬಾಳ ಕೆಲಸ ಮಾಡ್ಯಾವ. ಇಂಥಾದ್ದ ಅಪಾಯ ಅಳೆಯೋ 2023ರ ಅಮೆರಿಕದ ‘ಪ್ರಿವೆಂಟ್’ ಲೆಕ್ಕದಾಗ ಜನಾಂಗದ ಕಾಲಂ ತಗದಾರ. ಕ್ಯೂರಿಸ್ಕ್‌ದಾಗ ‘ಭಾರತೀಯ’ ಅನ್ನೋದೈತಿ, ಆದ್ರ ಅದು ಬ್ರಿಟನ್ನಿನ ದಾಖಲೆ ಮ್ಯಾಲೆ ಕಟ್ಟಿದ್ದು, ಹೃದಯಾಘಾತ-ಲಕ್ವಾ ಕೂಡಿಸಿ ಹೇಳತೈತಿ. ಆ ಅಂಕಿ ನೋಡಿ ಯಾರನ್ನೂ ವಾಪಸ್ ಕಳಿಸಬ್ಯಾಡ್ರಿ. 30 ದಾಟಿದ ಎಲ್ಲಾರನ್ನೂ ಅಳೀರಿ, ತಂಬಾಕು ಹಾಕವರನ್ನ, ಸಕ್ಕರಿ ಇರವರನ್ನ ಮೊದಲು.

ಉತ್ತರ (ಬಾಗಲಕೋಟೆ, ಸ್ಟಾಫ್ ನರ್ಸ್):
ಸರ್ ಹೇಳಿದ್ದಕ್ಕ ಬಾಣಂತ್ಯಾರನ್ನ ಸೇರಿಸ್ರಿ, ಅವರ ವಯಸ್ಸು 22 ಇದ್ರೂ. ಬಾಣಂತಿಗೆ ನೀರು ಕಡಿಮಿ ಕೊಡೋ ರೂಢಿ, ಮ್ಯಾಲೆ ರಕ್ತಹೀನತೆ. ಎರಡೂ ಕೂಡಿದ್ರ ಮಿದುಳಿನ ಅಭಿಧಮನಿಯಾಗ (ರಕ್ತ ವಾಪಸ್ ಒಯ್ಯೋ ನಾಳ) ರಕ್ತ ಹೆಪ್ಪುಗಟ್ಟೋ ಅಪಾಯ ಏರತೈತಿ. ದಿನದಿನಕ್ಕ ಹೆಚ್ಚಾಗೋ ತಲಿನೋವು, ಕಣ್ಣು ಮಂಜು, ಫಿಟ್ಸ್ ಬಂದ್ರ ‘ಗಾಳಿ ಸೋಂಕು’ ಅಂತ ಕೂಡ್ರಬ್ಯಾಡ್ರಿ, ದವಾಖಾನಿಗೆ ಒಯ್ಯರಿ. ಬಸುರಿದ್ದಾಗ ಬಿಪಿ ಏರಿದ್ದವರಿಗೆ ಮುಂದ ವರ್ಷಗಟ್ಟಲೆ ಅಪಾಯ ಉಳಿತೈತಿ, ಹೆಸರು ಬರಕೊಳ್ರಿ.

ಉತ್ತರ (ಬೆಳಗಾವಿ):
ಅಳತಿ ತಪ್ಪೋದ ಇಲ್ಲಿ. ಐದು ನಿಮಿಷ ಕೂಡಸ್ರಿ, ಬೆನ್ನಿಗೆ ಆಸರ ಇರಲಿ, ಕೈ ಎದಿ ಎತ್ತರಕ್ಕ. ಅರ್ಧ ತಾಸು ಮೊದಲು ಚಾ, ತಂಬಾಕು ಬ್ಯಾಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದ್ರ ಬಿಪಿ ಇಲ್ಲದಿದ್ರೂ ಹೆಚ್ಚು ತೋರಿಸತೈತಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೀರಿ. 140/90 ದಾಟಿದ್ರ ಬ್ಯಾರೆ ದಿನ ಮತ್ತ ಕರೀರಿ. 180/120 ಇದ್ರ ಅವತ್ತ ವೈದ್ಯರ ಹತ್ರ.

ಬಾಯಿ ವಾರೆ, ಕೈ ಬಿದ್ದದ್ದು, ಮಾತು ತೊದಲೋದು ಕಂಡ್ರ 108. ಕಡೇ ಸಲ ಚಲೋ ಇದ್ದ ಟೈಮ್ ಬರೀರಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ 4.5 ತಾಸಷ್ಟ ಅವಕಾಶ. ತಲಿಯ ಸಿಟಿ ಸ್ಕ್ಯಾನ್ ಆಗೋ ತನಕ ಆಸ್ಪಿರಿನ್ ಬ್ಯಾಡ. ರಕ್ತಸ್ರಾವದ ಲಕ್ವಾ ಇದ್ರ ಅದು ಕೇಡು ಮಾಡತೈತಿ.