ಮೂರು ಗಾಜಿನ ಲೆನ್ಸ್ ಮತ್ತು ಮಸುಕಾಗುವ ಅಂಚುಗಳು

ಪ್ರಶ್ನೆ: ನಮಸ್ಕಾರ ಸರ್. ತಂದೆಯವರ ಹಳೆಯ 35 ಮಿ.ಮೀ. ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಮೂರೇ ಗಾಜುಗಳ ಲೆನ್ಸ್ ಇದೆ. ನಾಮಕರಣದ ದಿನ ಛತ್ರದೊಳಗೆ ತೆಗೆದ ಗುಂಪುಚಿತ್ರದಲ್ಲಿ, ನಡುವೆ ಕುಳಿತ ಅಜ್ಜಿಯ ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತದೆ, ಆದರೆ ಎರಡೂ ತುದಿಯಲ್ಲಿ ನಿಂತವರ ಮುಖ ಮಸುಕಾಗಿದೆ. ಅದೇ ರೋಲಿನಲ್ಲಿ ಬಿಸಿಲಿನಲ್ಲಿ ತೆಗೆದವು ಚೆನ್ನಾಗಿವೆ. ಸ್ಟುಡಿಯೊದವರು ಲೆನ್ಸಿಗೆ ಫಂಗಸ್ ಹಿಡಿದಿದೆ ಎನ್ನುತ್ತಾರೆ. ನಿಜವೇ?

ಉತ್ತರ: ಫಂಗಸ್ಸಿನಿಂದ ಸಾಮಾನ್ಯವಾಗಿ ಇಡೀ ಚಿತ್ರವೇ ಮಂಕಾಗುತ್ತದೆ, ಅಂಚುಗಳನ್ನು ಮಾತ್ರ ಆರಿಸಿ ಕೆಡಿಸುವುದಿಲ್ಲ. ನೀವು ಹೇಳುತ್ತಿರುವುದು ಲೆನ್ಸಿನ ವಿನ್ಯಾಸದ ಮಿತಿಯಂತೆ ತೋರುತ್ತದೆ. ಒಂದೇ ಪೀನ ಮಸೂರ ಮೂಡಿಸುವ ಬಿಂಬ ಬಟ್ಟಲಿನಂತೆ ಬಾಗಿರುತ್ತದೆ, ಫಿಲ್ಮ್ ಮಾತ್ರ ಸಪಾಟು. ಒಮ್ಮೆ ಬಳಸಿ ಬಿಡುವ ಅಗ್ಗದ ಕ್ಯಾಮೆರಾಗಳಲ್ಲಿ ಫಿಲ್ಮನ್ನೇ ಬಾಗಿಸಿ ಕೂರಿಸುವುದು ಇದೇ ಕಾರಣಕ್ಕೆ (ಜಾಣ ಉಪಾಯವೆಂದೇ ನನ್ನ ಅಭಿಪ್ರಾಯ). 1893ರಲ್ಲಿ ಇಂಗ್ಲೆಂಡಿನ ಲೆನ್ಸ್ ವಿನ್ಯಾಸಕ ಡೆನಿಸ್ ಟೇಲರ್ ಎರಡು ಪೀನ ಮಸೂರಗಳ ನಡುವೆ ಅಂತರ ಬಿಟ್ಟು ಒಂದು ನಿಮ್ನ ಮಸೂರವನ್ನಿಟ್ಟು, ಆ ಬಾಗುವಿಕೆಯನ್ನೂ ಬಣ್ಣದ ದೋಷವನ್ನೂ ಬಹುಮಟ್ಟಿಗೆ ತಗ್ಗಿಸಿದರು. 1991ರ ಒಲಿಂಪಸ್ ಮ್ಯೂ ಕ್ಯಾಮೆರಾದ ಲೆನ್ಸಿನಲ್ಲಿಯೂ ಮೂರೇ ಗಾಜುಗಳಿವೆ. ಆದರೆ ಓರೆಯಾಗಿ ಬರುವ ಕಿರಣಗಳ ದೋಷ ಪೂರ್ತಿ ಹೋಗುವುದಿಲ್ಲ, ದ್ಯುತಿರಂಧ್ರ (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿ) ದೊಡ್ಡದಾದಷ್ಟೂ ಅದು ಎದ್ದು ಕಾಣುತ್ತದೆ. ಛತ್ರದ ಮಂದ ಬೆಳಕಿನಲ್ಲಿ ನಿಮ್ಮ ಕ್ಯಾಮೆರಾ ತಾನಾಗಿಯೇ ರಂಧ್ರವನ್ನು ಅಗಲಿಸಿರಬೇಕು, ಬಿಸಿಲಿನಲ್ಲಿ ಕಿರಿದಾಗಿಸಿರಬೇಕು.

ಪ್ರಶ್ನೆ: ಹಾಗಾದರೆ ನಾಲ್ಕು ಗಾಜಿನದನ್ನು ಕೊಳ್ಳುವುದು ಒಳ್ಳೆಯದೇ?

ಉತ್ತರ: 1967ರ ಒಲಿಂಪಸ್ ಟ್ರಿಪ್ 35 ಕ್ಯಾಮೆರಾದಲ್ಲಿ ಇರುವುದು ಟೆಸ್ಸಾರ್ ಎಂಬ ನಾಲ್ಕು ಗಾಜಿನ ಲೆನ್ಸ್ ವಿನ್ಯಾಸ. ಅದರಲ್ಲಿ ಹಿಂದಿನ ಎರಡು ಗಾಜುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗಾಳಿಗೆ ತಾಗುವ ಮೇಲ್ಮೈಗಳು ಮೂರು ಗಾಜಿನದರಂತೆಯೇ ಆರು. ಅಂಚಿನ ಸ್ಪಷ್ಟತೆ ಒಂದಿಷ್ಟು ಹೆಚ್ಚುತ್ತದೆ, ಆದರೂ ರಂಧ್ರ ಪೂರ್ತಿ ತೆರೆದಾಗ ಅದರ ಮೂಲೆಗಳೂ ಮೃದುವೇ. ಅದಕ್ಕೆ ಹಣ ಸುರಿಯುವ ಮೊದಲು ರಂಧ್ರ ಅಷ್ಟಾಗಿ ಅಗಲಿಸದಂತೆ ಬೆಳಕಿಗೆ ಬೇಗ ಸ್ಪಂದಿಸುವ ಐಎಸ್ಒ 400ರ ಫಿಲ್ಮ್ ಹಾಕಿ ನೋಡಿ, ಗುಂಪುಚಿತ್ರವನ್ನು ಛತ್ರದ ಹೊರಗೆ ತೆಗೆಯಿರಿ, ತುದಿಯವರನ್ನು ಚೌಕಟ್ಟಿನ ಅಂಚಿನಿಂದ ಸ್ವಲ್ಪ ಒಳಕ್ಕೆ ಕರೆಯಿರಿ. ಜೊತೆಗೆ ನೆರಳಿನಲ್ಲಿರುವ ಇಟ್ಟಿಗೆ ಗೋಡೆಯೊಂದನ್ನು ನೇರ ಎದುರಿನಿಂದ ತೆಗೆದು, ನೆಗೆಟಿವನ್ನು ಭೂತಗನ್ನಡಿಯಲ್ಲಿ ನೋಡಿ. ನಾಲ್ಕೂ ಮೂಲೆಗಳು ಸಮನಾಗಿ ಮಸುಕಾಗಿದ್ದರೆ ಅದು ಲೆನ್ಸಿನ ಸ್ವಭಾವ; ಒಂದೇ ಬದಿ ಹೆಚ್ಚು ಕೆಟ್ಟಿದ್ದರೆ ಗಾಜು ಜಾರಿರಬಹುದು, ಆಗ ರಿಪೇರಿಯವರಿಗೆ ತೋರಿಸಿ.