ನಾಲ್ಕು ಜನರ ಟೀಮು, ಒಂದು ವೆಬ್‌ಸೈಟು: ಕ್ಲೌಡಿಗೆ ಹೋಗುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಪುಸ್ತಕದಂಗಡಿ:
ನಮಸ್ಕಾರ. ನಮ್ಮದು ಕನ್ನಡ ಪುಸ್ತಕ ಮಾರುವ ಸಣ್ಣ ಸೈಟು. ವರ್ಡ್‌ಪ್ರೆಸ್ ಮೇಲೆ ಊಕಾಮರ್ಸ್ (ಅಂಗಡಿ ನಡೆಸುವ ಪ್ಲಗಿನ್), ಈಗ ಶೇರ್ಡ್ ಹೋಸ್ಟಿಂಗ್‌ನಲ್ಲಿದೆ, ಅಂದರೆ ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಂಡಿವೆ. ಇರುವುದು ನಾಲ್ಕು ಜನ, ಕೋಡ್ ಬರೆಯೋರು ಇಬ್ಬರೇ. ರಾಜ್ಯೋತ್ಸವದ ರಿಯಾಯಿತಿ ಶುರುವಾದರೆ ಸೈಟ್ ಮಲಗಿಬಿಡುತ್ತದೆ. ಅದಕ್ಕೇ ಎಡಬ್ಲ್ಯುಎಸ್‌ಗೆ, ಅಂದರೆ ಅಮೆಜಾನ್ ಬಾಡಿಗೆಗೆ ಕೊಡುವ ಕ್ಲೌಡ್ ಸರ್ವರ್‌ಗಳಿಗೆ, ಹೋಗುವ ಯೋಚನೆ. ಜೊತೆಗೇ ಕೆಲಸವನ್ನೂ ಅಜೈಲ್ (ಸಣ್ಣ ಸಣ್ಣ ಹಂತಗಳಲ್ಲಿ ಮಾಡಿ ತಿದ್ದಿಕೊಳ್ಳುವ ರೀತಿ) ಮಾಡೋಣ, ಎರಡು ವಾರದ ಸ್ಪ್ರಿಂಟ್ (ಮೊದಲೇ ಪಟ್ಟಿ ಮಾಡಿದ ಕೆಲಸ ಮುಗಿಸುವ ಅವಧಿ) ಇಡೋಣ ಅಂತ ನಮ್ಮ ಪ್ರಕಾಶಕರು ಹೇಳುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ಶುರು ಮಾಡಬಹುದಾ? ಬಿಲ್ಲಿನ ಭಯವೂ ಇದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಡೆವಾಪ್ಸ್ ಮಾವ:
ಒಟ್ಟಿಗೆ ಬೇಡ ಸರ್. ಈಗ ಬದಲಾವಣೆಗಳನ್ನು ಲೈವ್‌ಗೆ ಹೇಗೆ ಹಾಕುತ್ತೀರಿ? ಎಫ್‌ಟಿಪಿಯಲ್ಲಿ ಫೈಲ್‌ಗಳನ್ನು ಕೈಯಾರೆ ನೇರ ಸರ್ವರ್‌ಗೆ ಎಳೆದು ಬಿಡುವ ಪದ್ಧತಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಆ ಪದ್ಧತಿ ಹಾಗೇ ಉಳಿದರೆ ಕ್ಲೌಡಿನಲ್ಲೂ ಅದೇ ತಲೆನೋವು, ಬಾಡಿಗೆ ಮಾತ್ರ ಜಾಸ್ತಿ.

ಥೀಮು, ನೀವೇ ಬರೆದ ಪ್ಲಗಿನ್ನು ಎಲ್ಲ ಗಿಟ್‌ಗೆ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ) ಹೋಗಲಿ. ಒಂದು ಸ್ಟೇಜಿಂಗ್ ಸೈಟ್, ಅಂದರೆ ಲೈವ್‌ಗೆ ಹಾಕುವ ಮುಂಚೆ ಪರೀಕ್ಷಿಸುವ ನಕಲು ಸೈಟ್, ಇರಲಿ. ಒಂದೇ ಕಮಾಂಡಿಗೆ ಹೊಸ ಆವೃತ್ತಿ ಏರಬೇಕು, ಇನ್ನೊಂದಕ್ಕೆ ಹಳೆಯದು ವಾಪಸ್ ಬರಬೇಕು. ಇದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಪ್ರತಿ ರಿಲೀಸಿಗೂ ಸರ್ವರ್‌ನಲ್ಲಿ ಬೇರೆ ಫೋಲ್ಡರ್ ಮಾಡಿ, 'ಕರೆಂಟ್' ಅನ್ನೋ ಸಿಮ್‌ಲಿಂಕ್ (ಬೇರೆ ಫೋಲ್ಡರ್ ಕಡೆ ಬೆರಳು ತೋರಿಸುವ ಲಿಂಕ್) ಹೊಸದರ ಕಡೆ ತಿರುಗಲಿ, ಪಿಎಚ್‌ಪಿ ರೀಲೋಡ್ ಆಗಲಿ. ಕೆಟ್ಟರೆ ಲಿಂಕನ್ನು ಹಿಂದಕ್ಕೆ ತಿರುಗಿಸಿದರಾಯಿತು. ಅಪ್‌ಲೋಡ್ಸ್ ಫೋಲ್ಡರ್ ಮಾತ್ರ ಇದರ ಹೊರಗಿರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಪುಸ್ತಕಗಳ ಮುಖಪುಟದ ಚಿತ್ರಗಳು ಮಾಯ.

ಕೋಡ್ ಹಿಂದಕ್ಕೆ ಹೋಗುತ್ತದೆ, ಡೇಟಾಬೇಸ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಜನ ಎಡವುವುದು ಇಲ್ಲೇ. ನಿಮ್ಮ ಪ್ಲಗಿನ್ನಿನ ಟೇಬಲ್‌ನಲ್ಲಿ 'ಲೇಖಕ' ಅಂತ ಒಂದೇ ಕಾಲಂ ಇದೆ ಅಂದುಕೊಳ್ಳಿ. ಈಗ ಅನುವಾದಕರು, ಸಂಪಾದಕರು ಎಲ್ಲರೂ ಬೇಕು, ಹಾಗಾಗಿ ಬೇರೆ ಟೇಬಲ್ ಮಾಡಬೇಕು. ಒಂದೇ ರಿಲೀಸಿನಲ್ಲಿ ಹಳೆ ಕಾಲಂ ಕಿತ್ತು ಹೊಸದನ್ನು ಹಾಕಿದರೆ ವಾಪಸ್ ಬರುವ ದಾರಿಯೇ ಮುಚ್ಚಿತು. ಅದರ ಬದಲು ಮೊದಲ ರಿಲೀಸಿನಲ್ಲಿ ಹೊಸ ಟೇಬಲ್ ಸೇರಿಸಿ. ಕೋಡ್ ಎರಡೂ ಕಡೆ ಬರೆಯಲಿ, ಓದುವುದು ಮಾತ್ರ ಹಳೆಯದರಿಂದ. ಹಳೆ ಮಾಹಿತಿಯನ್ನು ನಕಲು ಮಾಡಿ. ಮುಂದಿನ ರಿಲೀಸಿನಲ್ಲಿ ಹೊಸದರಿಂದ ಓದಿ. ಏನೂ ತೊಂದರೆ ಕಾಣದಿದ್ದರೆ ಆಮೇಲೆ, ನಿಧಾನಕ್ಕೆ, ಹಳೆ ಕಾಲಂ ತೆಗೆಯಿರಿ. ಕೆಲಸ ಸ್ವಲ್ಪ ಜಾಸ್ತಿ, ಆದರೆ ಯಾವ ಹಂತದಲ್ಲೂ ಹಿಂದಿನ ಕೋಡ್ ಓಡುತ್ತದೆ. ಅಜೈಲ್ ಅಂದರೆ ನನ್ನ ಮಟ್ಟಿಗೆ ಇದೇ. ಗೋಡೆ ಮೇಲಿನ ಬಣ್ಣದ ಚೀಟಿ ಆಮೇಲಿನ ಮಾತು.

ಹುಬ್ಬಳ್ಳಿ ಹುಡುಗ:
ಸ್ಪ್ರಿಂಟ್ ಬಗ್ಗೆ ನನ್ನದೊಂದು ತಕರಾರು ಐತ್ರಿ. ಕೋಡ್ ಬರೆಯೋರು ಇಬ್ಬರು, ಮಧ್ಯದಲ್ಲಿ ಪೇಮೆಂಟ್ ಕೆಟ್ಟಿತು, ಕೊರಿಯರ್‌ನವರ ಎಪಿಐ (ಅವರ ವ್ಯವಸ್ಥೆಯ ಜೊತೆ ನಮ್ಮ ಸೈಟ್ ಮಾತಾಡುವ ದಾರಿ) ಬದಲಾಯಿತು ಅಂತ ದಿನಾ ಒಂದು ಬರುತ್ತದೆ. ಎರಡು ವಾರಕ್ಕೆ ಪಟ್ಟಿ ಕಟ್ಟಿ ಕೂತರೆ ಮೂರನೇ ದಿನಕ್ಕೇ ಅದು ಸುಳ್ಳಾಗುತ್ತದೆ. ನಿಮ್ಮಂಥವರಿಗೆ ಕಾನ್‌ಬಾನ್ ಬೋರ್ಡ್ ಸಾಕು, ಅಂದರೆ ಮಾಡಬೇಕಾದ್ದು, ಮಾಡುತ್ತಿರೋದು, ಮುಗಿದದ್ದು ಅಂತ ಕೆಲಸಗಳನ್ನು ಸಾಲಾಗಿ ತೋರಿಸುವ ಹಲಗೆ. ನಿಯಮ ಒಂದೇ: ಒಬ್ಬರ ಕೈಯಲ್ಲಿ ಒಂದೇ ಕೆಲಸ. ಅದು ಮುಗಿಯದೆ ಇನ್ನೊಂದು ಎತ್ತಿಕೊಳ್ಳುವಂತಿಲ್ಲ. 'ಮುಗಿಯಿತು' ಅಂದರೆ ಲೈವ್ ಸೈಟಿನಲ್ಲಿ ಗಿರಾಕಿಗೆ ಸಿಗುತ್ತಿದೆ ಅಂತ. ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತೆ ಅನ್ನೋದು ಲೆಕ್ಕಕ್ಕಿಲ್ಲ.

ಸ್ಕ್ರಮ್‌ನಿಂದ (ಸ್ಪ್ರಿಂಟ್ ಬಳಸುವ ಅಜೈಲ್ ಪದ್ಧತಿ) ರೆಟ್ರೋ ಒಂದನ್ನು, ಅಂದರೆ ಏನು ಸರಿಹೋಯಿತು ಏನು ಕೆಟ್ಟಿತು ಅಂತ ಕೂತು ಮಾತಾಡುವ ಸಭೆಯನ್ನು, ಇಟ್ಟುಕೊಳ್ಳಿ. ಅದಕ್ಕೆ ಪ್ರಕಾಶಕರೂ ಬರಲಿ. ದಿನದ 15 ನಿಮಿಷದ ಸ್ಟ್ಯಾಂಡಪ್ ಸಭೆ ಮಾತ್ರ, ಒಂದೇ ಕೋಣೆಯಲ್ಲಿ ಕೂತಿರುವ ಇಬ್ಬರಿಗೆ ಸುಮ್ನೆ ಶಾಸ್ತ್ರ.

ಡೆವಾಪ್ಸ್ ಮಾವ:
ಒಪ್ಪಿದೆ. ಆದರೆ ಪ್ರಕಾಶಕರಿಗೆ ತೋರಿಸೋಕೆ ವಾರಕ್ಕೊಮ್ಮೆ ಏನಾದರೂ ಇರಲಿ. ಇಲ್ಲದಿದ್ದರೆ ದಿನಾ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಕೇಳುತ್ತಾರೆ.

ಲೆಕ್ಕದಕ್ಕ:
ಬಿಲ್ಲಿನ ಬಗ್ಗೆ ನಾನು ಹೇಳುತ್ತೇನೆ. ಸರ್ವರ್ ಬಾಡಿಗೆ ಕಣ್ಣಿಗೆ ಕಾಣುತ್ತದೆ, ಕಾಣದೆ ಇರೋದೇ ಜಾಸ್ತಿ. ಎಡಬ್ಲ್ಯುಎಸ್ 2024ರ ಫೆಬ್ರುವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ (ಇಂಟರ್ನೆಟ್‌ನಲ್ಲಿ ಸರ್ವರ್‌ನ ಅಂಕಿ ವಿಳಾಸ) ಗಂಟೆಗೆ 0.005 ಡಾಲರ್ ಹಾಕುತ್ತದೆ, ಬಳಸಿದರೂ ಬಳಸದಿದ್ದರೂ. ಸರ್ವರ್ ಅಳಿಸಿದರೂ ಅದರ ಸ್ನ್ಯಾಪ್‌ಶಾಟ್‌ಗಳು (ಡಿಸ್ಕಿನ ಆ ಕ್ಷಣದ ನಕಲುಗಳು) ಉಳಿದು ತಿಂಗಳು ತಿಂಗಳು ಬಿಲ್ ಆಗುತ್ತವೆ. ಯಾವುದೋ ಟ್ಯುಟೋರಿಯಲ್ ನೋಡಿ ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳಿಗೆ ಇಂಟರ್ನೆಟ್‌ಗೆ ಹೋಗುವ ದಾರಿ) ಹಾಕಿಕೊಂಡರೆ ಅದಕ್ಕೂ ಗಂಟೆ ಲೆಕ್ಕ. ಇದೆಲ್ಲದರ ಮೇಲೆ 18% ಜಿಎಸ್‌ಟಿ.

ಎಡಬ್ಲ್ಯುಎಸ್‌ನ ಟಿ3 ಅನ್ನೋ ಬಗೆಯ ಸರ್ವರ್ ತಗೊಂಡರೆ ಇನ್ನೊಂದು ವಿಷಯ. ಟಿ3 ಮೈಕ್ರೋಗೆ ಸದಾ ಸಿಗೋದು ಪ್ರತಿ ವಿಸಿಪಿಯುನ (ಬಾಡಿಗೆ ಸರ್ವರ್‌ನ ಪ್ರೊಸೆಸರ್ ಪಾಲು) 10% ಮಾತ್ರ. ಖಾಲಿ ಇದ್ದಾಗ ಕ್ರೆಡಿಟ್ (ಆಮೇಲೆ ಹೆಚ್ಚು ಓಡಲು ಸಿಗುವ ಉಳಿತಾಯ) ಕೂಡುತ್ತದೆ, ರಶ್ ಆದಾಗ ಖರ್ಚಾಗುತ್ತದೆ. ಟಿ3ಯಲ್ಲಿ 'ಅನ್‌ಲಿಮಿಟೆಡ್' ಮೋಡ್ ತಾನಾಗೇ ಆನ್ ಇರುತ್ತದೆ. ಅಂದರೆ ಕ್ರೆಡಿಟ್ ಮುಗಿದರೂ ಸೈಟ್ ನಿಧಾನ ಆಗಲ್ಲ, ಹೆಚ್ಚಿನದು ಬಿಲ್ಲಿಗೆ ಬರಬಹುದು.

ಬಜೆಟ್ ಅಲರ್ಟ್ ಮೊದಲ ದಿನವೇ ಹಾಕಿ. ಅದು ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ, ಮೇಲ್ ಕಳಿಸುತ್ತದೆ ಅಷ್ಟೇ. ಹಾಗಾಗಿ ಯಾರಾದರೂ ಓದುವ ಮೇಲ್‌ಗೆ ಹಾಕಿ. ಲೆಕ್ಕ ಪಕ್ಕಾ ಇರಬೇಕು ಅಂದರೆ ತಿಂಗಳಿಗೆ ಇಂತಿಷ್ಟು ಅಂತ ದರ ಇರುವ ಎಡಬ್ಲ್ಯುಎಸ್‌ನದೇ ಲೈಟ್‌ಸೇಲ್ ಮುಂಬಯಿಯಲ್ಲೇ ಸಿಗುತ್ತದೆ. ಇನ್ನೊಂದು ಕ್ಲೌಡ್ ಕಂಪನಿ ಡಿಜಿಟಲ್ ಓಶನ್‌ನ ಡೇಟಾ ಸೆಂಟರ್ ಬೆಂಗಳೂರಿನಲ್ಲೇ ಇದೆ. ನಾಲ್ಕು ಜನರ ಅಂಗಡಿಗೆ ನಾನು ಇವೆರಡರಲ್ಲಿ ಒಂದನ್ನೇ ಹೇಳೋದು.

ಡಿಬಿಎ:
ಯಾರೂ ಬ್ಯಾಕಪ್ ಮಾತೇ ಎತ್ತಲಿಲ್ಲವಲ್ಲ! 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ (ಜನರ ಕೋಡ್ ಇಟ್ಟುಕೊಳ್ಳುವ ಕಂಪನಿ) ಆದದ್ದು ಗೊತ್ತಿರಬೇಕು. ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಬ್ಯಾಕಪ್ ಇದೆಯಲ್ಲ ಅಂತ ಹೋಗಿ ನೋಡಿದರೆ, ಪೋಸ್ಟ್‌ಗ್ರೆಸ್ ಅನ್ನೋ ತಂತ್ರಾಂಶದ 9.6ರ ಡೇಟಾಬೇಸಿಗೆ 9.2ರ ಡಂಪ್ ಪ್ರೋಗ್ರಾಂ (ಇಡೀ ಡೇಟಾಬೇಸನ್ನು ಫೈಲಿಗೆ ಇಳಿಸುವಂಥದ್ದು) ಓಡುತ್ತಿತ್ತು, ಹಾಗಾಗಿ ಡಂಪ್ ಆಗುತ್ತಲೇ ಇರಲಿಲ್ಲ. ಹಾಗಂತ ಎಚ್ಚರಿಸುವ ಮೇಲ್‌ಗಳೂ ಡಿಮಾರ್ಕ್ (ಮೇಲ್ ಅಸಲಿಯೇ ಅಂತ ನೋಡುವ ವ್ಯವಸ್ಥೆ) ಸರಿಯಿಲ್ಲದೆ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಸುಮಾರು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ ಕೈಹಿಡಿಯಿತು. ಅಂಥ ಕಂಪನಿಗೇ ಹೀಗಾದರೆ ನಮ್ಮ ಪಾಡೇನು? ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಸ್ಟೇಜಿಂಗ್ ಸೈಟನ್ನು ಹೊಸದಾಗಿ ಎಬ್ಬಿಸಿ. ಆಗ ಬ್ಯಾಕಪ್ ಪರೀಕ್ಷೆಯೂ ಆಯಿತು, ಸ್ಟೇಜಿಂಗ್ ಮಾಹಿತಿಯೂ ಹೊಸದಾಯಿತು.

ವರ್ಡ್‌ಪ್ರೆಸ್ ಬಳಸುವ ಡೇಟಾಬೇಸ್ ಹಳೆ ಮೈಎಸ್‌ಕ್ಯೂಎಲ್ ಆಗಿದ್ದರೆ ಟೇಬಲ್‌ಗಳ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿ) ನೋಡಿ. ಅಲ್ಲಿ ಬರೀ 'ಯುಟಿಎಫ್8' ಅಂದರೆ ಅಕ್ಷರಕ್ಕೆ ಮೂರು ಬೈಟ್‌ವರೆಗೆ ಮಾತ್ರ. ಕನ್ನಡಕ್ಕೆ ಮೂರೇ ಬೈಟ್ ಸಾಕು, ಹಾಗಾಗಿ ಎಲ್ಲ ಸರಿಯಿದೆ ಅನಿಸುತ್ತದೆ. ಇಮೋಜಿಗೆ ನಾಲ್ಕು ಬೇಕು. ಓದುಗರು ವಿಮರ್ಶೆಯಲ್ಲಿ ಒಂದು ಇಮೋಜಿ ಹಾಕಿದರೆ ಅಲ್ಲಿಂದ ಮುಂದಿನ ಪಠ್ಯವೇ ಕತ್ತರಿಸಿ ಹೋಗಬಹುದು. ಯುಟಿಎಫ್8ಎಂಬಿ4ಗೆ ಬದಲಿಸಿ. ಡಂಪ್ ತೆಗೆಯುವಾಗಲೂ ಹಾಕುವಾಗಲೂ ಅದನ್ನೇ ಹೇಳಿ, ಇಲ್ಲದಿದ್ದರೆ ಪುಸ್ತಕದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರಬಹುದು.

ಪುಸ್ತಕದಂಗಡಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಈ ನವೆಂಬರ್‌ಗೆ ಸರ್ವರ್ ಬದಲಿಸೋದು ಬೇಡವಾ?

ಡೆವಾಪ್ಸ್ ಮಾವ:
ಈ ಸಲ ಕ್ಯಾಶ್ (cache) ಮಾತ್ರ ಮಾಡಿ, ಅಂದರೆ ಸಿದ್ಧ ಪುಟಗಳ ನಕಲು ಇಟ್ಟುಕೊಂಡು ಅದನ್ನೇ ಕೊಡೋದು. ಪುಸ್ತಕಗಳ ಮುಖಪುಟದ ಚಿತ್ರಗಳು ಸಿಡಿಎನ್‌ಗೆ (ಫೈಲ್‌ಗಳನ್ನು ಓದುಗರಿಗೆ ಹತ್ತಿರದ ಸರ್ವರ್‌ನಿಂದ ಕೊಡುವ ಜಾಲ) ಹೋಗಲಿ, ಪುಸ್ತಕದ ಪುಟಗಳಿಗೆ ಪೇಜ್ ಕ್ಯಾಶ್ ಇರಲಿ. ಕಾರ್ಟ್, ಚೆಕ್‌ಔಟ್, ಗಿರಾಕಿಯ ಖಾತೆಯ ಪುಟಗಳನ್ನು ಮಾತ್ರ ಕ್ಯಾಶ್ ಮಾಡಲೇಬೇಡಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ. ಅಕ್ಟೋಬರ್ ಕೊನೆಯ ವಾರ ಹೊಸ ಕೋಡ್ ಹಾಕಬೇಡಿ.

ಸರ್ವರ್ ಬದಲಾವಣೆ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಅದಕ್ಕೆ ಒಂದೆರಡು ದಿನ ಮುಂಚೆ ಡಿಎನ್‌ಎಸ್‌ನ (ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್, ಅಂದರೆ ಹಳೆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಬದಲಿಸುವ ರಾತ್ರಿ ಮೊದಲು ಹಳೆ ಸೈಟಿನಲ್ಲಿ ಆರ್ಡರ್ ತಗೊಳ್ಳೋದು ನಿಲ್ಲಿಸಿ, ಕೊನೆಯ ಡಂಪ್ ಆಮೇಲೆ ತೆಗೆಯಿರಿ. ಇಲ್ಲದಿದ್ದರೆ ಒಂದಷ್ಟು ಆರ್ಡರ್ ಹಳೆ ಡೇಟಾಬೇಸಿನಲ್ಲಿ, ಇನ್ನೊಂದಷ್ಟು ಹೊಸದರಲ್ಲಿ ಕೂತು, ಎರಡರಲ್ಲೂ ಒಂದೇ ಆರ್ಡರ್ ನಂಬರ್ ಬಂದುಬಿಡುತ್ತದೆ. ಹಳೆ ಹೋಸ್ಟಿಂಗನ್ನು ಇನ್ನೊಂದು ತಿಂಗಳು ರದ್ದು ಮಾಡಬೇಡಿ. ನಿಮ್ಮ ಈಮೇಲ್ ಕೂಡ ಅಲ್ಲೇ ಇದೆಯಾ ನೋಡಿಕೊಳ್ಳಿ. ಇದ್ದರೆ ಅದನ್ನು ಬೇರೆ ಕಡೆಗೆ ಒಯ್ಯುವ ಕೆಲಸವೂ ಬೋರ್ಡ್ ಮೇಲೆ ಬರಲಿ.